ನಾರ್ವೆಯಲ್ಲಿ ಕರೆಂಟ್‌ಗೆ ಬರವಿಲ್ಲ, ಓಟಿಪಿಗಿದೆ

ಯೈಲೊ ಅನ್ನುವ ಪುಟ್ಟ ಊರು. ಜೂನ್ ತಿಂಗಳಾದರೂ ಜಿಟಿಜಿಟಿ ಮಳೆ, ಕೈ ಮರಗಟ್ಟುವ ಚಳಿ. ಬಾಡಿಗೆಗೆ ತೆಗೆದುಕೊಂಡ ಎಲೆಕ್ಟ್ರಿಕ್ ಕಾರಿನಲ್ಲಿ ಶೇ 14 ಚಾರ್ಜ್ ಉಳಿದಿತ್ತು. ಎದುರಿಗೆ ಚಾರ್ಜರ್‌ಗಳು ಸಾಲಾಗಿ ಖಾಲಿ ನಿಂತಿದ್ದವು. ನಾನು ಮಾತ್ರ ಫೋನ್ ಹಿಡಿದುಕೊಂಡು, ಚಾರ್ಜಿಂಗ್ ಕಂಪನಿಯ ಆ್ಯಪ್‌ಗೆ ಕಾರ್ಡ್ ಸೇರಿಸಲು ಬೆಂಗಳೂರಿನ ಬ್ಯಾಂಕಿನಿಂದ ಓಟಿಪಿ ಬರಲಿ ಅಂತ ಕಾಯುತ್ತಿದ್ದೆ. ಅಲ್ಲಿಗೆಂದು ತೆಗೆದುಕೊಂಡ ಇ-ಸಿಮ್‌ನಲ್ಲಿ ಇಂಟರ್ನೆಟ್ ಚೆನ್ನಾಗೇ ಬರುತ್ತಿತ್ತು. ಆದರೆ ದುಡ್ಡು ಉಳಿಸುವ ಬುದ್ಧಿಯಲ್ಲಿ ನಮ್ಮೂರಿನ ನಂಬರ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಓಟಿಪಿ ಬರಬೇಕಾಗಿದ್ದು ಅದೇ ನಂಬರ್‌ಗೆ.

"ಇಲ್ಲೂ ಕರೆಂಟ್ ಹೋಗುತ್ತೇನೋ?" ಹಿಂದಿನ ಸೀಟಿನಿಂದ ಅಮ್ಮ ಕೇಳಿದರು.

ಕೊನೆಗೆ ಆ ಚಾರ್ಜರ್ ಬಿಟ್ಟು, ಊರಿನಲ್ಲೇ ಇದ್ದ ಪೆಟ್ರೋಲ್ ಬಂಕಿಗೆ ಹೋದೆವು. ಅಲ್ಲಿನ ಚಾರ್ಜರ್‌ನಲ್ಲಿ ಕಾರ್ಡ್ ತಾಗಿಸುವ ಯಂತ್ರ ಇತ್ತು. ತಾಗಿಸಿದ ಅರ್ಧ ನಿಮಿಷಕ್ಕೆ ಕರೆಂಟ್ ಹರಿಯಿತು. ನಾರ್ವೆಗೆ ಹೋಗಿ ಎಲೆಕ್ಟ್ರಿಕ್ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಇದೊಂದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಅಲ್ಲಿ ಚಾರ್ಜರ್ ಸಿಗುವುದು ಕಷ್ಟವೇ ಅಲ್ಲ. 2024ರಲ್ಲಿ ಆ ದೇಶದಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಎಲೆಕ್ಟ್ರಿಕ್. ಕಷ್ಟ ಇರುವುದು ದುಡ್ಡು ಕೊಡುವುದರಲ್ಲಿ.

ಹಾಗಾಗಿ ಅರ್ಧ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಹೊರಡಿ. ಎಸ್ಸೆಮ್ಮೆಸ್ ಬರುವಷ್ಟಾದರೂ ರೋಮಿಂಗ್ ಹಾಕಿಸಿ. ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಮತ್ತು ತಾಗಿಸಿ ಪಾವತಿ ಮಾಡುವುದು, ಎರಡನ್ನೂ ಆನ್ ಮಾಡಿ. ಒಂದೇ ಕಾರ್ಡ್ ನಂಬಬೇಡಿ, ಬೇರೆ ಬೇರೆ ಬ್ಯಾಂಕಿನ ಎರಡು ಇರಲಿ. ಆ್ಯಪ್‌ಗಳನ್ನು ಊರಿನಲ್ಲೇ ಇಳಿಸಿಕೊಂಡು ಕಾರ್ಡ್ ಸೇರಿಸಿ, ಓಟಿಪಿಯ ಶಾಸ್ತ್ರ ಮುಗಿಸಿಬಿಡಿ. ರಿಚಾರ್ಜ್, ಮೇರ್, ಸರ್ಕಲ್ ಕೆ, ಅಯಾನಿಟಿ ಅಂತ ಹಲವು ಕಂಪನಿಗಳಿವೆ. ಎಲ್ಲವೂ ಬೇಕಿಲ್ಲ, ಮೂರು ಇದ್ದರೆ ಸಾಕು. ಟೆಸ್ಲಾದ ಆ್ಯಪ್ ಕೂಡ ಇರಲಿ. ಅವರು 2022ರಿಂದ ನಾರ್ವೆಯಲ್ಲಿ ಬೇರೆ ಕಾರುಗಳಿಗೂ ಚಾರ್ಜರ್ ಬಿಟ್ಟುಕೊಡುತ್ತಿದ್ದಾರೆ. ಒಂದೇ ಸೂಕ್ಷ್ಮ, ಹಳೆಯ ಟೆಸ್ಲಾ ಚಾರ್ಜರ್‌ಗಳ ಕೇಬಲ್ ಗಿಡ್ಡ. ನಮ್ಮ ಕಾರಿನಲ್ಲಿ ಕೇಬಲ್ ಚುಚ್ಚುವ ಪೋರ್ಟ್ ಹಿಂದೆ ಬಲಕ್ಕಿತ್ತು, ಟೆಸ್ಲಾಗೆ ಹಿಂದೆ ಎಡಕ್ಕೆ. ನಾವು ಪಕ್ಕದ ಜಾಗದಲ್ಲಿ ನಿಲ್ಲಿಸಿ ಕೇಬಲ್ ಎಳೆದುಕೊಳ್ಳಬೇಕಾಯಿತು. ಜನ ಜಾಸ್ತಿ ಇದ್ದಾಗ ಹಾಗೆ ಎರಡು ಜಾಗ ಹಿಡಿಯುವುದು ಸರಿಯಲ್ಲ ಅಲ್ವಾ? ಸಾಲಿನ ತುದಿಯ ಜಾಗ ನೋಡಿಕೊಳ್ಳಿ.

ನಾವು ಓಡಾಡಿದ್ದು ಸುಮಾರು 1000 ಕಿ.ಮೀ. ಆಸ್ಲೊದಿಂದ ಯೈಲೊ, ಹಾರ್ಡಾಂಗರ್‌ವಿಡ್ಡ ಪ್ರಸ್ಥಭೂಮಿ ದಾಟಿ ಐಡ್‌ಫ್ಯೋರ್, ಅಲ್ಲಿಂದ ಬರ್ಗನ್. ವಾಪಸ್ ಫ್ಲೋಮ್ ಮೇಲೆ, 24.5 ಕಿ.ಮೀ. ಉದ್ದದ ಲ್ಯಾರ್ದಾಲ್ ಸುರಂಗ ಹಾದು ಆಸ್ಲೊ. ಐದು ದಿನಕ್ಕೆ ಆರಾಮ. ಜನ ಹೆದರಿಸುವುದು ಬೆಟ್ಟದ ದಾರಿಯನ್ನು ತೋರಿಸಿ. ಏಳನೇ ನಂಬರ್ ರಸ್ತೆ ಆ ಪ್ರಸ್ಥಭೂಮಿಯ ಮೇಲೆ 1250 ಮೀಟರ್ ಎತ್ತರಕ್ಕೆ ಏರುತ್ತದೆ. ಹತ್ತುವಾಗ ಶೇಕಡಾ ಅಂಕಿ ಕಣ್ಣೆದುರೇ ಕರಗುವುದು ನಿಜ. ಆದರೆ ಇಳಿಯುವಾಗ ನೋಡಬೇಕು. ವೋರಿಂಗ್ಸ್‌ಫೊಸೆನ್ ಜಲಪಾತದ ಹತ್ತಿರ ಶೇ 58 ಇತ್ತು. ಅಲ್ಲಿಂದ ಮೋಬೋ ಕಣಿವೆಯ ಸುರುಳಿ ಸುರಂಗಗಳಲ್ಲಿ ಸುತ್ತಿ ಸುತ್ತಿ ಇಳಿದು, ಸಮುದ್ರ ಮಟ್ಟದಲ್ಲಿರುವ ಐಡ್‌ಫ್ಯೋರ್ ಸೇರಿದಾಗ ಶೇ 60. ಇಪ್ಪತ್ತು ಕಿ.ಮೀ. ಓಡಿಸಿ ಮೇಲೆ ಎರಡು ಲಾಭ! ಗಿಯರ್ ಕಡ್ಡಿಯನ್ನು 'ಬಿ'ಗೆ ಹಾಕಿ, ಬ್ರೇಕ್ ಮುಟ್ಟದೆ ಇಳಿದರೆ ಕಾರೇ ಕರೆಂಟ್ ತುಂಬಿಕೊಳ್ಳುತ್ತದೆ. ಇದೇ ಕಾರಣಕ್ಕೆ ಬೆಟ್ಟದ ಮೇಲಿನ ಊರಿನಲ್ಲಿ ಶೇ 100 ತುಂಬಿಸಬೇಡಿ. ತುಂಬಿದ ಕೊಡಕ್ಕೆ ಇನ್ನೆಲ್ಲಿ ನೀರು ಸುರಿಯುತ್ತೀರಿ?

ಶೇ 100 ಬೇರೆ ಎಲ್ಲೂ ಬೇಡ, ಫಾಸ್ಟ್ ಚಾರ್ಜರ್‌ನಲ್ಲಂತೂ ಬೇಡವೇ ಬೇಡ. ಶೇ 80 ದಾಟಿದ ಮೇಲೆ ಚಾರ್ಜ್ ಆಮೆ ನಡಿಗೆ. ಹಿಂದೆ ಕಾಯುವವರು ಕಾರಿನಲ್ಲೇ ಕೂತು ಸುಮ್ನೆ ನಿಮ್ಮನ್ನೇ ನೋಡುತ್ತಿರುತ್ತಾರೆ. ಚಾರ್ಜ್ ಮುಗಿದ ಮೇಲೂ ಕಾರು ತೆಗೆಯದಿದ್ದರೆ ಕೆಲವೆಡೆ ನಿಮಿಷದ ಲೆಕ್ಕದಲ್ಲಿ ದಂಡವೂ ಬೀಳುತ್ತದೆ. ನಾವು ಶೇ 15ರಿಂದ 80ಕ್ಕೆ ತುಂಬಿಸಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಪುಳಿಯೋಗರೆ ಡಬ್ಬಿ ಖಾಲಿ. "ಕಾರಿಗೂ ನಮಗೂ ಒಟ್ಟಿಗೇ ಊಟ, ಒಳ್ಳೇ ವ್ಯವಸ್ಥೆ" ಅಂತ ಅಮ್ಮನಿಗೆ ಬಹಳ ಖುಷಿ. ಶುಕ್ರವಾರ ಮಧ್ಯಾಹ್ನದ ಮೇಲೆ ಮಾತ್ರ ಆಸ್ಲೊದಿಂದ ಹೊರಡಬೇಡಿ. ಅಲ್ಲಿನವರೆಲ್ಲ ಬೆಟ್ಟದ ಮನೆಗಳಿಗೆ ಹೊರಟಿರುತ್ತಾರೆ, ಚಾರ್ಜರ್ ಮುಂದೆ ಸಾಲು ಬೀಳುತ್ತದೆ.

ಫಾಸ್ಟ್ ಚಾರ್ಜಿಂಗ್ ಅಗ್ಗವೇನಲ್ಲ. ನಾವು ಯೂನಿಟ್‌ಗೆ 5ರಿಂದ 7 ಕ್ರೋನ್ ಕೊಟ್ಟೆವು. ಆಗ ಒಂದು ಕ್ರೋನ್ ಅಂದರೆ 8 ರೂಪಾಯಿ ಮೇಲಿತ್ತು. ಅದಕ್ಕೇ ರಾತ್ರಿ ಚಾರ್ಜ್ ಮಾಡಲು ಬಿಡುವ ಹೋಟೆಲ್ ಹುಡುಕಿ. ಅಲ್ಲಿ ಇರುವುದು ನಿಧಾನದ ಚಾರ್ಜರ್, ಎಷ್ಟೋ ಕಡೆ ಬರೀ ಸಾಕೆಟ್ ಇರುತ್ತದೆ, ಕೇಬಲ್ ನಿಮ್ಮದೇ ಆಗಬೇಕು. ಕಾರು ತೆಗೆದುಕೊಳ್ಳುವಾಗಲೇ ಡಿಕ್ಕಿ ತೆಗೆದು ಟೈಪ್ 2 ಅನ್ನುವ ಚಾರ್ಜಿಂಗ್ ಕೇಬಲ್ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಅಲ್ಲೇ ಕೇಳಿ ಹಾಕಿಸಿಕೊಳ್ಳಿ. ಮನೆಯ ಮಾಮೂಲಿ ಪ್ಲಗ್‌ಗೆ ಹಾಕಲು ಮಾಲೀಕರನ್ನು ಕೇಳದೆ ಹೋಗಬೇಡಿ. ತುಂಬಾ ಜನ ಒಪ್ಪುವುದಿಲ್ಲ. ಒಪ್ಪಿದರೂ ಹತ್ತು ಗಂಟೆ ಹಾಕಿಟ್ಟರೆ ಸಿಗುವುದು ನೂರು ಚಿಲ್ಲರೆ ಕಿ.ಮೀ.ಗೆ ಆಗುವಷ್ಟು.

ಇನ್ನೊಂದು ಪಜೀತಿ ಹೇಳಿಬಿಡುತ್ತೇನೆ. ಬರ್ಗನ್‌ನಲ್ಲಿ ಬೆಳಿಗ್ಗೆ ಹೊರಡಲು ನೋಡಿದರೆ ಕೇಬಲ್ ಬಿಡುತ್ತಲೇ ಇಲ್ಲ. ಎಳೆದೆ, ತಿರುಗಿಸಿದೆ, ಹೆಂಡತಿ ಕೈ ಜೋಡಿಸಿದಳು. ಪಕ್ಕದಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತು, ನನ್ನ ಕೈಯಲ್ಲಿದ್ದ ಕೀ ತೋರಿಸಿ, ಬೆರಳಲ್ಲಿ ಒತ್ತುವ ಸನ್ನೆ ಮಾಡಿದರು. ಕಾರನ್ನು ಒಮ್ಮೆ ಲಾಕ್ ಮಾಡಿ ಅನ್‌ಲಾಕ್ ಮಾಡಿದೆ. ಟಕ್ ಅಂತ ಬಿಟ್ಟಿತು. ಕಾರು ಲಾಕ್ ಆಗಿದ್ದರೆ ಕೇಬಲ್ಲೂ ಲಾಕ್, ಅಷ್ಟೇ ವಿಷಯ.

ಬೋರ್ಡಿನ ಮೇಲೆ 'ಹುರ್ತಿಗ್‌ಲಾಡಿಂಗ್' ಅಂದರೆ ಫಾಸ್ಟ್ ಚಾರ್ಜಿಂಗ್. 'ಲೇದಿಗ್' ಖಾಲಿ, 'ಒಪ್ಟಾಟ್' ಭರ್ತಿ. ಚಾರ್ಜಿಂಗ್‌ಗೆ ದುಡ್ಡು ಕೊಟ್ಟರೂ ಪಾರ್ಕಿಂಗ್‌ಗೆ ಬೇರೆ ಕೊಡಬೇಕಾದ ಜಾಗಗಳಿವೆ, ಬೋರ್ಡ್ ಫೋಟೊ ತೆಗೆದು ಅನುವಾದ ಮಾಡಿಸಿಕೊಳ್ಳಿ. ಗಾಡಿ ಓಡಿಸುವುದು ರಸ್ತೆಯ ಬಲಕ್ಕೆ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ.

ಕಾರು ವಾಪಸ್ ಕೊಡುವಾಗ ಎಷ್ಟು ಚಾರ್ಜ್ ಇರಬೇಕು ಅನ್ನುವುದು ಕರಾರಿನಲ್ಲಿ ಇರುತ್ತದೆ. ಏರ್‌ಪೋರ್ಟ್ ಹತ್ತಿರ ತುಂಬಿಸಲು ಒಂದು ಗಂಟೆ ಎತ್ತಿಡಿ. ಟೋಲ್‌ಗಳಲ್ಲಿ ಯಾರೂ ನಿಲ್ಲಿಸುವುದಿಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ಆ ಲೆಕ್ಕ ನಮ್ಮ ಕಾರ್ಡ್‌ಗೆ ಬಂದಿದ್ದು ನಾವು ಊರಿಗೆ ಮರಳಿ ಮೂರು ವಾರ ಕಳೆದ ಮೇಲೆ. ಹಾಗಾಗಿ ಬಂದ ದಿನವೇ ಕಾರ್ಡ್‌ನ ವಿದೇಶಿ ವ್ಯವಹಾರ ಬಂದ್ ಮಾಡಬೇಡಿ.