ಡೆವಲಪರ್‌ಗಳ ಡಿಸೈನ್ ಟೂಲ್: ಏನು ಕಟ್ಟಬೇಕು, ಎಷ್ಟಕ್ಕೆ ಮಾರಬೇಕು

ವೆಬ್ ಆ್ಯಪ್ ಡೆವಲಪರ್‌ಗಳಿಗೆಂದು ವಿಷುಯಲ್ ಡಿಸೈನ್ ಟೂಲ್ ಮಾಡಲು ಹೊರಟವರು ಸಾಮಾನ್ಯವಾಗಿ ಕ್ಯಾನ್ವಾಸ್‌ನಿಂದ, ಅಂದರೆ ಚಿತ್ರ ಬಿಡಿಸುವ ಜಾಗದಿಂದ ಶುರು ಮಾಡುತ್ತಾರೆ. ಡೆಮೊ ಚೆಂದ ಕಾಣುತ್ತದೆ, ಆದರೆ ಡೆವಲಪರ್ ದುಡ್ಡು ಬಿಚ್ಚುವುದು ಚಿತ್ರ ಬಿಡಿಸಲು ಅಲ್ಲ. ಅದಕ್ಕೆ ಫಿಗ್ಮಾ ಎಂಬ ಡಿಸೈನ್ ಟೂಲ್ ಇದೆ, ಓಪನ್ ಸೋರ್ಸ್ ಬೇಕೆಂದರೆ ಪೆನ್‌ಪಾಟ್ ಇದೆ. ಪರದೆ ಮೇಲೆ ಮಾಡಿದ ಬದಲಾವಣೆ ರೆಪೊದಲ್ಲಿ (ಕೋಡ್ ಇಡುವ ಜಾಗ) ತಾನೇ ಕೈಯಾರೆ ಬರೆದ ಹಾಗೆ ಕೂರಬೇಕು, ಅವನಿಗೆ ಬೇಕಾದ್ದು ಅಷ್ಟೇ. ಒಂದು ಸಾಲು ಬದಲಾಗಬೇಕಾದ ಕಡೆ ಗಿಟ್ ಡಿಫ್‌ನಲ್ಲಿ (ಹಳೆ-ಹೊಸ ಕೋಡ್‌ನ ವ್ಯತ್ಯಾಸದ ಪಟ್ಟಿ) ಇನ್ನೂರು ಸಾಲು ಕೆಂಪು-ಹಸಿರಾಗಿ ಕಂಡರೆ ಆ ಟೂಲ್‌ನ ಕಥೆ ಅಲ್ಲಿಗೆ ಮುಗಿಯಿತು. ಇದೇನೂ ಹೊಸ ತಲೆನೋವಲ್ಲ. 1997ರಲ್ಲಿ ಬಂದ ಡ್ರೀಮ್‌ವೀವರ್ ಎಂಬ ವೆಬ್‌ಪುಟ ಕಟ್ಟುವ ಟೂಲ್ ಕೂಡ ‘ರೌಂಡ್‌ಟ್ರಿಪ್ ಎಚ್‌ಟಿಎಂಎಲ್’ ಎಂದು, ಅಂದರೆ ನಿಮ್ಮ ಕೋಡ್ ಕೆಡಿಸುವುದಿಲ್ಲ ಎಂದೇ ಹೇಳಿಕೊಂಡು ಮಾರಾಟಕ್ಕೆ ಇಳಿದಿತ್ತು.

ಹಾಗಾಗಿ ಮೊದಲ ಆವೃತ್ತಿಗೆ ಒಂದೇ ಜೋಡಿ ಸಾಕು: ಪುಟದ ಭಾಗಗಳನ್ನು ಕಟ್ಟುವ ರಿಯಾಕ್ಟ್ ಮತ್ತು ಕ್ಲಾಸ್ ಹೆಸರುಗಳಿಂದಲೇ ಅವಕ್ಕೆ ರೂಪ ಕೊಡುವ ಟೈಲ್‌ವಿಂಡ್. ವ್ಯೂ, ಸ್ವೆಲ್ಟ್‌ನಂಥ ಬೇರೆ ಫ್ರೇಮ್‌ವರ್ಕ್ ಎಲ್ಲ ಆಮೇಲೆ. ಡೆವ್ ಬಿಲ್ಡ್‌ನಲ್ಲಿ (ಕೋಡ್ ಬರೆಯುವಾಗ ಓಡಿಸುವ ಆವೃತ್ತಿ) ಕೋಡನ್ನು ಓದಿ ಮಾರ್ಪಡಿಸುವ ಬೇಬಲ್‌ನ ಒಂದು ಪ್ಲಗಿನ್ ಹಾಕಿ, ಪ್ರತಿ ಎಲಿಮೆಂಟ್‌ಗೂ ಅದರ ಫೈಲ್, ಸಾಲು, ಕಾಲಂ ಅನ್ನು ಡೇಟಾ ಆಟ್ರಿಬ್ಯೂಟ್ ಆಗಿ ಅಂಟಿಸಿ. ಬಳಕೆದಾರರ ಆ್ಯಪ್ ಐಫ್ರೇಮ್ (ಪುಟದೊಳಗಿನ ಪ್ರತ್ಯೇಕ ಪುಟ) ಒಳಗೆ ಓಡಲಿ, ಇಲ್ಲದಿದ್ದರೆ ನಿಮ್ಮ ಟೂಲ್‌ನ ಸಿಎಸ್‌ಎಸ್ ಮತ್ತು ಅವರ ಸಿಎಸ್‌ಎಸ್ ಒಂದರ ಮೇಲೊಂದು ಬೀಳುತ್ತವೆ. ಕ್ಲಿಕ್ ಆದಾಗ ಆ ಫೈಲ್-ಸಾಲಿನ ವಿಳಾಸ ಪೋಸ್ಟ್‌ಮೆಸೇಜ್ (ಪುಟಗಳ ನಡುವೆ ಸಂದೇಶ ಕಳಿಸುವ ಬ್ರೌಸರ್ ಸೌಲಭ್ಯ) ಮೂಲಕ ಟೂಲ್‌ಗೆ ಬರುತ್ತದೆ.

ಬರೆಯುವ ಹಂತದಲ್ಲೇ ಹೆಚ್ಚಿನವರು ಎಡವುವುದು. ಫೈಲನ್ನು ಪಾರ್ಸ್ ಮಾಡಿ, ಸಿಂಟ್ಯಾಕ್ಸ್ ಟ್ರೀ (ಕೋಡ್ ರಚನೆಯ ನಕ್ಷೆ) ತಿದ್ದಿ, ಬೇಬಲ್ ಜನರೇಟರ್‌ನಿಂದ ಇಡೀ ಫೈಲನ್ನು ಮತ್ತೆ ಮುದ್ರಿಸಿದರೆ ಖಾಲಿ ಸಾಲು, ಆವರಣ, ಸಾಲು ಮುರಿದ ರೀತಿ ಎಲ್ಲ ಬದಲಾಗುತ್ತದೆ. ಟ್ರೀಯನ್ನು ಜಾಗ ಹುಡುಕಲು ಮಾತ್ರ ಬಳಸಿ, ಆ ಕ್ಲಾಸ್ ಸ್ಟ್ರಿಂಗ್‌ನ ಆರಂಭ-ಅಂತ್ಯದ ಆಫ್‌ಸೆಟ್ (ಫೈಲ್‌ನಲ್ಲಿ ಎಷ್ಟನೇ ಅಕ್ಷರ ಎಂಬ ಸಂಖ್ಯೆ) ನಡುವಿನ ಅಕ್ಷರಗಳನ್ನಷ್ಟೇ ಬದಲಿಸಿ. ಬರೆಯುವ ಮೊದಲು ಫೈಲ್‌ನ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ನೋಡಿ. ಅಷ್ಟರಲ್ಲಿ ಬಳಕೆದಾರ ವಿಎಸ್ ಕೋಡ್ ಎಡಿಟರ್‌ನಲ್ಲಿ ಎರಡು ಸಾಲು ಸೇರಿಸಿದ್ದರೆ ನಿಮ್ಮ ಆಫ್‌ಸೆಟ್ ಹಳತು, ಬರೆದದ್ದು ಬೇರೆ ಜಾಗಕ್ಕೆ ಹೋಗುತ್ತದೆ.

ಇನ್ನೊಂದು ಸೂಕ್ಷ್ಮ. ಪುಟದಲ್ಲಿ 12 ಪ್ರಾಡಕ್ಟ್ ಕಾರ್ಡ್ ಕಾಣುತ್ತಿವೆ, ಕೋಡ್‌ನಲ್ಲಿರುವುದು ಮ್ಯಾಪ್ (ಪಟ್ಟಿಯ ಪ್ರತಿ ಐಟಂಗೂ ಮರಳಿ ಓಡುವ ಕೋಡ್) ಒಳಗಿನ ಒಂದೇ ಕಾರ್ಡ್. ಬಳಕೆದಾರ ಮೂರನೆಯದನ್ನು ಒತ್ತಿ ಪ್ಯಾಡಿಂಗ್ ಹೆಚ್ಚಿಸಿದರೆ ಹನ್ನೆರಡೂ ಉಬ್ಬುತ್ತವೆ. ತಾಂತ್ರಿಕವಾಗಿ ಸರಿಯೇ, ಆದರೆ ನೋಡುವವರಿಗೆ ಬಗ್ ಅನಿಸುತ್ತದೆ. ಆಯ್ಕೆ ಮಾಡಿದ ಕ್ಷಣದಲ್ಲೇ ಹನ್ನೆರಡಕ್ಕೂ ತೆಳು ಅಂಚು ಹಾಕಿ ‘12 ಕಡೆ ಬದಲಾಗುತ್ತದೆ’ ಎಂದು ತೋರಿಸಿ. ಕ್ಲಾಸ್ ಹೆಸರು ಕಂಡಿಷನ್‌ನಿಂದಲೋ ವೇರಿಯಬಲ್‌ನಿಂದಲೋ ಬರುತ್ತಿದ್ದರೆ ಊಹೆ ಬೇಡ. ಬೀಗದ ಗುರುತು ಹಾಕಿ, ಎಡಿಟರ್‌ನಲ್ಲಿ ನೇರ ಆ ಸಾಲು ತೆರೆಯುವ ಬಟನ್ ಕೊಡಿ. ‘ನನಗಾಗದು’ ಎಂದು ಒಪ್ಪಿಕೊಳ್ಳುವ ಟೂಲನ್ನು ಡೆವಲಪರ್ ನಂಬುತ್ತಾನೆ.

ಬ್ರೌಸರ್‌ನಿಂದಲೇ ಫೋಲ್ಡರ್ ಆರಿಸಿ ಅದರೊಳಗೆ ನೇರ ಬರೆಯುವ ಸೌಲಭ್ಯ ಕ್ರೋಮ್, ಎಡ್ಜ್‌ನಲ್ಲಿದೆ. ಫೈರ್‌ಫಾಕ್ಸ್, ಸಫಾರಿಯಲ್ಲಿ ಇಲ್ಲ. ಹಾಗಾಗಿ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಕೋಡ್ ಹಂಚುವ ವ್ಯವಸ್ಥೆ) ಪ್ಯಾಕೇಜ್ ಆಗಿ ಕೊಟ್ಟು ಬಳಕೆದಾರರ ಮಷೀನ್‌ನಲ್ಲೇ ಓಡಿಸುವುದು ವಾಸಿ. ಕೋಡ್ ಕಂಪನಿಯಿಂದ ಆಚೆ ಹೋಗದ ಕಾರಣ ಸೆಕ್ಯುರಿಟಿ ತಂಡದ ಅನುಮತಿ ಸುಲಭವಾಗುತ್ತದೆ. ಸರ್ವರ್ ಖರ್ಚೂ ಹೆಚ್ಚು ಬರುವುದಿಲ್ಲವಾದ್ದರಿಂದ ತಿಂಗಳಿಗೆ ಇಷ್ಟು ಎಂದು ನಿಗದಿ ಬೆಲೆ ಇಡಬಹುದು. ಎಐ ಸೇರಿಸಿದರೆ ಆ ಲೆಕ್ಕ ಬೇರೆ. ಪ್ರತಿ ಕರೆಗೂ ನಿಮ್ಮ ಜೇಬಿನಿಂದ ಹೋಗುತ್ತದೆ, ಅದನ್ನು ಪ್ರತ್ಯೇಕ ಕ್ರೆಡಿಟ್ ಆಗಿಯೇ ಮಾರಿ.

ಈಗ ಬೆಲೆ. ತಿದ್ದುವವರಿಗೆ ತಲೆಗಿಷ್ಟು, ನೋಡುವವರಿಗೆ, ಕಾಮೆಂಟ್ ಹಾಕುವವರಿಗೆ ಉಚಿತ. ಕೋಡ್ ಎಕ್ಸ್‌ಪೋರ್ಟ್‌ಗೆ ಮೀಟರ್ ಹಾಕಬೇಡಿ. ಟೂಲ್‌ನ ಪ್ರಯೋಜನವೇ ಅದು, ರುಚಿ ನೋಡದೆ ಯಾರೂ ಕೊಳ್ಳುವುದಿಲ್ಲ. ಮಿತಿ ಹಾಕಲೇಬೇಕಿದ್ದರೆ ಪ್ರಾಜೆಕ್ಟ್ ಸಂಖ್ಯೆಗೆ, ತಂಡದ ಡಿಸೈನ್ ಟೋಕನ್‌ಗಳಿಗೆ (ಬಣ್ಣ, ಅಳತೆಯಂಥ ಹಂಚಿಕೊಂಡ ಮೌಲ್ಯಗಳು) ಹಾಕಿ. ಫಿಗ್ಮಾ ಕೂಡ ಡೆವಲಪರ್‌ಗಳಿಗೆಂದೇ ಇರುವ ಡೆವ್ ಮೋಡನ್ನು 2023ರಲ್ಲಿ ಬೀಟಾ ಆಗಿ ಉಚಿತವಾಗಿ ಕೊಟ್ಟು, 2024ರ ಆರಂಭದಲ್ಲಿ ದುಡ್ಡಿಗೆ ಇಟ್ಟಿತು. ಅಷ್ಟರಲ್ಲಿ ಒಗ್ಗಿಹೋಗಿದ್ದ ಹಲವರು ಗೊಣಗಿದರು. ಬೀಟಾದ ಮೊದಲ ದಿನವೇ ಮುಂದಿನ ಬೆಲೆ ಪುಟದಲ್ಲಿರಲಿ.

ಭಾರತದಲ್ಲಿ ತಿಂಗಳಿಗೆ ತಲೆಗೆ 799 ರೂಪಾಯಿ ಎಂದಿಟ್ಟುಕೊಳ್ಳಿ. 18% ಜಿಎಸ್‌ಟಿ ಅದರೊಳಗೇ ಇದ್ದರೆ 121.88 ತೆರಿಗೆಗೆ ಹೋಗಿ 677.12 ಉಳಿಯಿತು. ಪೇಮೆಂಟ್ ಗೇಟ್‌ವೇ 2% ಹಿಡಿದರೆ ಅದರ ಮೇಲಿನ ಜಿಎಸ್‌ಟಿ ಸೇರಿ 18.86. ಕೈಗೆ ಬರುವುದು ಸುಮಾರು 658. ಗ್ರಾಹಕರು ಕಂಪನಿಗಳೇ ಆದರೆ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಯಿರಿ, ಅವರಿಗೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುತ್ತದೆ, ನಿಮಗೆ ಪೂರ್ತಿ 799 ಮೂಲ ಬೆಲೆಯಾಗುತ್ತದೆ.

ಹೊರದೇಶದ ಗ್ರಾಹಕರಿಗೆ, ಅಲ್ಲಿನ ಮಾರಾಟ ತೆರಿಗೆಯನ್ನೂ ತಾವೇ ನೋಡಿಕೊಳ್ಳುವ ಪ್ಯಾಡಲ್‌ನಂಥ ಸೇವೆಗಳ ದರವನ್ನು 5% ಮತ್ತು 50 ಸೆಂಟ್ ಎಂದು ಹಿಡಿಯಿರಿ. 5 ಡಾಲರ್ ಪ್ಲಾನ್‌ನಲ್ಲಿ 75 ಸೆಂಟ್, ಅಂದರೆ 15% ಅಲ್ಲೇ ಕರಗುತ್ತದೆ. 12 ಡಾಲರ್‌ಗೆ 9% ಚಿಲ್ಲರೆ, ವರ್ಷಕ್ಕೆ 120 ಡಾಲರ್ ಒಂದೇ ಸಲ ತಗೊಂಡರೆ ಐದೂವರೆ ಶೇಕಡದ ಒಳಗೆ. ವಾರ್ಷಿಕ ಪ್ಲಾನ್‌ಗೆ ಎರಡು ತಿಂಗಳು ಬಿಟ್ಟುಕೊಡುವ ಹಣದಲ್ಲಿ ಒಂದು ಪಾಲು ಇಲ್ಲೇ ವಾಪಸ್ ಬರುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕು: ಆರ್‌ಬಿಐ ನಿಯಮದಂತೆ ಇಂಥ ಚಂದಾ ಹಣದ ಆಟೊ-ಡೆಬಿಟ್ (ತಾನಾಗಿ ಆಗುವ ಕಡಿತ) ಒಟಿಪಿ ಇಲ್ಲದೆ ಸಾಗುವುದು 15,000 ರೂಪಾಯಿವರೆಗೆ ಮಾತ್ರ, ಅದಕ್ಕೂ 24 ಗಂಟೆ ಮೊದಲು ಸೂಚನೆ ಹೋಗಬೇಕು. ಹತ್ತು ಜನರ ತಂಡದ ವಾರ್ಷಿಕ ಬಿಲ್ ತಲೆಗೆ ಹತ್ತು ತಿಂಗಳ ಬೆಲೆ 7,990ರಂತೆ 79,900. ಅದು ತಾನಾಗಿ ನವೀಕರಣವಾಗುತ್ತದೆಂದು ಕೂರಬೇಡಿ. 30 ದಿನ ಮೊದಲೇ ಇನ್‌ವಾಯ್ಸ್ ಕಳಿಸಿ, ಬ್ಯಾಂಕ್ ವರ್ಗಾವಣೆಯಿಂದ ತಗೊಳ್ಳಿ, ಟಿಡಿಎಸ್ ಕಡಿತವಾಗಿಯೇ ಬರಬಹುದು ಎಂದು ಲೆಕ್ಕದಲ್ಲಿಟ್ಟಿರಿ.

ಲೈಸೆನ್ಸ್ ಪರೀಕ್ಷೆಗೆ ಡಿಜಿಟಲ್ ಸಹಿ ಮಾಡಿದ ಟೋಕನ್ ಸಾಕು, ನೆಟ್ ಇಲ್ಲದಿದ್ದರೂ 14 ದಿನ ನಡೆಯಲಿ. ಅವಧಿ ಮುಗಿದಾಗ ಫೈಲ್‌ಗೆ ಬರೆಯುವುದು ಮಾತ್ರ ನಿಲ್ಲಲಿ, ಪ್ರಾಜೆಕ್ಟ್ ತೆರೆದು ನೋಡುವುದು ನಿಲ್ಲಬಾರದು. ಮೊದಲು ಹೇಳಿದ ಬೇಬಲ್ ಪ್ಲಗಿನ್ ಪ್ರೊಡಕ್ಷನ್ ಬಿಲ್ಡ್‌ನಲ್ಲಿ (ಜನ ಬಳಸುವ ಆವೃತ್ತಿ) ತಾನೇ ಆಫ್ ಆಗಿರಬೇಕು. ಇಲ್ಲದಿದ್ದರೆ ಗ್ರಾಹಕರ ಫೈಲ್ ಹೆಸರುಗಳೆಲ್ಲ ಲೈವ್ ಪುಟದ ಸೋರ್ಸ್‌ನಲ್ಲಿ ಬಯಲಾಗುತ್ತವೆ.