ಎಷ್ಟು ಸೆಂಟ್ ಬಿತ್ತು?

ಮಡಿಕೇರಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಅಂದರೆ ನನಗೆ ಮೊದಲು ನೆನಪಾಗುವುದು ಒದ್ದೆ ಕೊಡೆಗಳ ವಾಸನೆ. ಜುಲೈನಲ್ಲಿ ಕರೆಂಟ್ ಹೋದರೆ ಅವತ್ತೇ ಬರುತ್ತೆ ಅನ್ನುವ ಹಾಗಿರಲಿಲ್ಲ. ಆಗ ಮೇಡಂ ಕುರ್ಚಿ ಎಳೆದುಕೊಂಡು ಮಾತು ಶುರು ಮಾಡುತ್ತಿದ್ದರು.

ಜೂಲಿಯನ್ ಓರ್ ಹೆಸರು ಕೇಳಿದ್ದು ಹಾಗೆ. ಅಮೆರಿಕದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದವರು. 1980ರ ದಶಕದಲ್ಲಿ ಅವರು ಜೆರಾಕ್ಸ್ ಮಿಷನ್ ರಿಪೇರಿಯವರ ಜೊತೆಗೇ ಓಡಾಡಿದರು. ರಿಪೇರಿಯವರಿಗೆ ಕಂಪನಿ ಕೈಪಿಡಿ ಕೊಟ್ಟಿತ್ತು. ಆದರೆ ಮಿಷನ್ ಕೈಪಿಡಿ ನೋಡಿಕೊಂಡು ಕೆಡುವುದಿಲ್ಲ ಅಲ್ವಾ? ಊಟಕ್ಕೆ ಕೂತಾಗ ಹೇಳಿಕೊಳ್ಳುವ ಕಥೆಗಳಲ್ಲೇ ಅವರ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಅದೇ ಕೇಂದ್ರದ ಲೂಸಿ ಸಚ್‌ಮನ್, ದೊಡ್ಡ ಕಂಪ್ಯೂಟರ್ ವಿಜ್ಞಾನಿಗಳೇ ಒಂದು ಜೆರಾಕ್ಸ್ ಮಿಷನ್ ಮುಂದೆ ತಡವರಿಸುವುದನ್ನು ವಿಡಿಯೋ ಮಾಡಿದ್ದರು.

ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಕಾಫಿ ತೋಟದ ಮಳೆ ಲೆಕ್ಕ. ಚೆಂದದ ಫಾರಂ ಮಾಡಿದ್ದೆವು. ತಾರೀಕು, ಮಿಲಿಮೀಟರ್, ಅಷ್ಟೇ. ಪಾಲಿಬೆಟ್ಟದ ಹತ್ತಿರ ಗೆಳತಿಯ ತೋಟಕ್ಕೆ ಒಯ್ದೆವು. ಅಲ್ಲಿನ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಲ್ಯಾಪ್‌ಟಾಪ್ ನೋಡಿ ಸುಮ್ನೆ ಕೂತರು. ಆಮೇಲೆ ತಮ್ಮ ಡೈರಿ ತೆಗೆದು ಮುಂದಿಟ್ಟರು. ಮಾರ್ಚ್‌ನ ಒಂದು ಸಾಲು ನನಗೆ ಬಾಯಿಪಾಠ: "ಸಂಜೆ 4ಕ್ಕೆ ಶುರು. 1 ಇಂಚು 10 ಸೆಂಟ್. ಆಲಿಕಲ್ಲು. ಕೆಳಗಿನ ಬ್ಲಾಕ್‌ಗೆ ಬರಲಿಲ್ಲ."

ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಲೆಕ್ಕದಲ್ಲಿ ನೂರು ಸೆಂಟ್ ಸೇರಿದರೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಬೀಳದ ಬ್ಲಾಕ್‌ಗೆ ಸ್ಪ್ರಿಂಕ್ಲರ್ ಎಳೆಯಬೇಕು. ರೈಟರಿಗೆ ಅಂಕಿಗಿಂತ ಜಾಸ್ತಿ ಬೇಕಾಗಿದ್ದದ್ದು ಆ ಕೊನೆಯ ಮಾತು. ನಮ್ಮ ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಇಂಚು, ಸೆಂಟ್‌ಗೂ ಇರಲಿಲ್ಲ.

ಮೇಡಂ ಬೈಯಲಿಲ್ಲ. "ಅವರಿಗೆ ಕಂಪ್ಯೂಟರ್ ಬರಲ್ಲ ಅಂತ ಮಾತ್ರ ವರದಿಯಲ್ಲಿ ಬರೀಬೇಡಿ" ಅಂದರು. ಫಾರಂ ಮತ್ತೆ ಮಾಡಿದೆವು. ಈ ಸಲ ಮೊದಲು ಆ ಡೈರಿಯನ್ನು ಎರಡು ದಿನ ಕೂತು ಓದಿದೆವು. ಪರದೆಯ ಅರ್ಧ ಭಾಗ ಖಾಲಿ ಬಿಟ್ಟೆವು, ಅವರಿಗೆ ತೋಚಿದ್ದು ಬರೆಯಲಿ ಅಂತ. ನಾನು ಕಲಿತ ಅತಿ ಒಳ್ಳೆಯ ಪಾಠ ಅದು. ಈಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಏನೇ ಹೊಸದು ಮಾಡುವಾಗಲೂ ಮೊದಲು ಕೇಳುವುದು, ಇವರ ಡೈರಿ ಎಲ್ಲಿದೆ ಅಂತ.

ಈ ಮಾರ್ಚ್‌ನಲ್ಲಿ ಮೇಡಂಗೆ ಫೋನ್ ಮಾಡಿದ್ದೆ. ಹಲೋ ಅನ್ನುವ ಮೊದಲೇ ಕೇಳಿದರು, "ನಿಮ್ಮನೆ ಕಡೆ ಎಷ್ಟು ಸೆಂಟ್ ಬಿತ್ತು?"

"ಅರವತ್ತು, ಮೇಡಂ. ತೋಡಿನ ಆಚೆಗೆ ಬರಲಿಲ್ಲವಂತೆ."