ಕಪ್ಪೆಕೈ ಗಿಡಕ್ಕೆ ಗೂಟಿ ಕಟ್ಟಿದೆ

ಮೂರು ವರ್ಷದ ಹಿಂದೆ, ಮೇ ತಿಂಗಳ ರಜೆಯಲ್ಲಿ, ಜಪಾನಿನಲ್ಲಿ ಟೋಕಿಯೊ ಹತ್ತಿರದ ಓಮಿಯಾದ ಬೋನ್ಸಾಯ್ ಜಾತ್ರೆಯಿಂದ ಒಂದು ಮೊಮಿಜಿ ಸಸಿ ತಂದಿದ್ದೆ. ಮೊಮಿಜಿ ಅಂದರೆ ಜಪಾನಿನ ಮೇಪಲ್. ಇದರ ಜಾತಿಗೆ ಇಲ್ಲಿ ಕಾಯೆದೆ ಅಂತಲೂ ಹೆಸರಿದೆ; ‘ಕಪ್ಪೆಯ ಕೈ’ ಎಂಬ ಹಳೆಯ ಮಾತೇ ಸವೆದು ಹೀಗಾದದ್ದು. ಎಲೆ ನೋಡಿದರೆ ಯಾಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಂದಾಗ ಪೆನ್ಸಿಲ್ಲಿನಷ್ಟು ದಪ್ಪವಿದ್ದ ಸಸಿ ಈಗ ಹೆಬ್ಬೆರಳಿನಷ್ಟಾಗಿದೆ, ಸೊಂಟದೆತ್ತರ ಬೆಳೆದಿದೆ. ಇನ್ನು ಇದನ್ನು ಏನು ಮಾಡುವುದು ಅಂತ ಈ ವರ್ಷ ತೀರ್ಮಾನ ಮಾಡಲೇಬೇಕಿತ್ತು.

ನಮ್ಮ ಬಾಡಿಗೆ ಮನೆಯಿಂದ ಓಮಿಯಾದ ಬೋನ್ಸಾಯ್ ಹಳ್ಳಿಗೆ ಸೈಕಲ್ಲಿನಲ್ಲಿ ಹೋಗಬಹುದು. 1923ರ ಭೂಕಂಪದ ನಂತರ ಟೋಕಿಯೊದ ಬೋನ್ಸಾಯ್ ಕಸುಬಿನವರು ಒಳ್ಳೆಯ ನೀರು, ಗಾಳಿ, ಜಾಗ ಹುಡುಕಿಕೊಂಡು ಬಂದು 1925ರಲ್ಲಿ ಕಟ್ಟಿಕೊಂಡ ಊರದು. ಮೊದಲ ದಿನಗಳಲ್ಲಿ ಅವರು ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರಂತೆ: ಮನೆಯಲ್ಲಿ ಹತ್ತಾದರೂ ಬೋನ್ಸಾಯ್ ಇರಬೇಕು, ಮಹಡಿ ಕಟ್ಟಬಾರದು, ಬೇಲಿ ಹಸಿರು ಬೇಲಿಯೇ ಆಗಿರಬೇಕು, ಗೇಟು ಎಲ್ಲರಿಗೂ ತೆರೆದಿರಬೇಕು. ಈ ಕೊನೆಯ ಕಟ್ಟಳೆ ನನಗೆ ಬಹಳ ಇಷ್ಟ. ಹಾಗೆ ತೆರೆದಿದ್ದ ಒಂದು ಗೇಟಿನೊಳಗೆ ಗಿಡ ಎತ್ತಿಕೊಂಡು ಹೋದೆ.

ಅಲ್ಲಿನ ಹಿರಿಯರು ಕೊಂಬೆಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಿದಿರಿನ ಕಡ್ಡಿಯಿಂದ ಬುಡದ ಮಣ್ಣು ಕೆದಕಿದರು. ಬೇರುಗಳೆಲ್ಲ ಒಂದೇ ಕಡೆ. ಮೇಲಕ್ಕೆ ಒಂದು ಗೇಣು ಕಾಂಡ ಕೋಲಿನ ಹಾಗೆ ನೇರ, ಬುಡಕ್ಕೂ ತುದಿಗೂ ಒಂದೇ ದಪ್ಪ. ಬೋನ್ಸಾಯ್‌ನವರು ಮೊದಲು ನೋಡುವುದು ನೆಬರಿಯನ್ನು, ಅಂದರೆ ನೆಲ ಹಿಡಿದು ಸುತ್ತ ಹರಡಿದ ಬೇರನ್ನು. ಆಮೇಲೆ ಕಾಂಡ, ಕೊನೆಗೆ ಕೊಂಬೆ. ಕೊಂಬೆ ಎರಡು ಮೂರು ವರ್ಷದಲ್ಲಿ ಬೇರೆ ಬರಿಸಬಹುದು. ಬೇರು ಕೆಟ್ಟಿದ್ದರೆ ಮರ ಇಪ್ಪತ್ತು ವರ್ಷವಾದರೂ ಕುಂಟುತ್ತಲೇ ಇರುತ್ತದೆ.

‘ನೀವು ಇನ್ನೆಷ್ಟು ವರ್ಷ ಈ ಊರಲ್ಲಿರ್ತೀರಿ?’ ಎಂದು ಕೇಳಿದರು. ಗಿಡದ ವಿಷಯಕ್ಕೇ ಕೇಳಿದ್ದು ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಾಂಡ ದಪ್ಪಗಾಗುವುದು ಎಲೆಗಳ ದುಡಿಮೆಯಿಂದ. ಎಲೆ ಹೆಚ್ಚಾದಷ್ಟೂ ಕಟ್ಟಿಗೆ ಹೆಚ್ಚು. ಈಗಲೇ ಚೆಂದದ ತಟ್ಟೆಯಂಥ ಕುಂಡಕ್ಕೆ ಹಾಕಿ ಚಿಗುರು ಚಿವುಟುತ್ತ ಕೂತರೆ ಗಿಡ ಹತ್ತು ವರ್ಷವಾದರೂ ಹೆಬ್ಬೆರಳಿನ ದಪ್ಪದಲ್ಲೇ ನಿಲ್ಲುತ್ತದೆ. ದಪ್ಪ ಬೇಕಿದ್ದರೆ ನೆಲದಲ್ಲಿ ನೆಟ್ಟು ಐದಾರು ವರ್ಷ ಮನಸ್ಸು ಬಂದಂತೆ ಬೆಳೆಯಲು ಬಿಡಬೇಕು, ಆಮೇಲೆ ಬುಡದ ಹತ್ತಿರ ಕಡಿದು ಹೊಸ ತುದಿ ಬರಿಸಬೇಕು. ನನಗೆ ನೆಲವಿಲ್ಲ, ಇರುವುದು ಬಾಲ್ಕನಿ. ಜರಡಿಯಂಥ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆಳೆಸುವ ದಾರಿಯೂ ಇದೆ; ತೂತಿನ ಬಳಿ ಗಾಳಿಗೆ ಬೇರಿನ ತುದಿ ಒಣಗಿ, ಹಿಂದಿನಿಂದ ಹೊಸ ಬೇರು ಕವಲೊಡೆಯುತ್ತದೆ. ಆದರೆ ಅಲ್ಲೂ ಕೊನೆಗೆ ಕಡಿಯಲೇಬೇಕು. ಪೈನ್ ಮರದ ಒರಟು ತೊಗಟೆ ಗಾಯವನ್ನು ಮುಚ್ಚಿಡುತ್ತದೆ. ಮೊಮಿಜಿಯದು ನುಣುಪು ತೊಗಟೆ, ದೊಡ್ಡ ಗಾಯ ಮಾಡಿದರೆ ಬಹುಕಾಲ ಎದ್ದು ಕಾಣುತ್ತದೆ. ಅದೂ ಅಲ್ಲದೆ, ಕಡಿದು ಬಿಸಾಡಬೇಕಾದದ್ದು ಈ ಗಿಡದ ಒಳ್ಳೆಯ ಭಾಗ. ಆ ಕೋಲಿನ ಮೇಲೆ ಕಾಂಡ ಎರಡಾಗಿ ಕವಲೊಡೆದು, ಒಂದು ತುಸು ದಪ್ಪಗೆ, ಇನ್ನೊಂದು ಅದಕ್ಕೆ ಒರಗಿದಂತೆ ಏರಿದೆ. ಅದನ್ನು ನೋಡಿಯೇ ನಾನು ಈ ಸಸಿ ಕೊಂಡದ್ದು.

ಹಿರಿಯರು ‘ತೊರಿಕಿ’ ಅಂದರು. ಅವರು ಕೈಸನ್ನೆ ಮಾಡಿ ತೋರಿಸಿದಾಗ ನನಗೆ ನಗು ಬಂತು, ಖುಷಿಗೆ. ಅದು ನಮ್ಮ ಗೂಟಿ! ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ, ಆಮೇಲೆ ಕತ್ತರಿಸಿ ಬೇರೆ ನೆಡುವುದು. ಮೂಡಿಗೆರೆಯ ನಮ್ಮ ಹಿತ್ತಲಲ್ಲಿ ಅಮ್ಮ ನಿಂಬೆಗೆ, ಸೀಬೆಗೆ ಕಟ್ಟುತ್ತಿದ್ದದ್ದು ಇದನ್ನೇ. ತೊಗಟೆಯನ್ನು ಬಳೆಯ ಹಾಗೆ ಸುತ್ತ ತೆಗೆದರೆ ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೇರುತ್ತಲೇ ಇರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಮಾತ್ರ ಕೆಳಗಿಳಿಯಲಾರದೆ ಗಾಯದ ಮೇಲಂಚಿನಲ್ಲಿ ನಿಲ್ಲುತ್ತದೆ. ಬೇರು ಒಡೆಯುವುದು ಅಲ್ಲಿಂದಲೇ, ಅದೂ ಸುತ್ತಲೂ. ಕವಲಿನ ಕೆಳಗೆ ಕಟ್ಟಿದರೆ ಕುಂಟು ಬೇರು, ಕೋಲು ಕಾಂಡ ಎರಡೂ ಕೆಳಗೆ ಉಳಿದು, ಮೇಲಿನ ಜೋಡಿಕಾಂಡ ತನ್ನದೇ ನೆಬರಿ ಪಡೆಯುತ್ತದೆ. ಗಾಯದ ಕೆಳಗೊಂದು ಸಣ್ಣ ಕೊಂಬೆ ಉಳಿಸಿದ್ದೇನೆ, ಬುಡವೂ ಬದುಕಲಿ ಅಂತ.

ಊರಿಗೇ ತಂದು ನೆಡು ಅಂತ ಅಪ್ಪ ಹೇಳುತ್ತಾರೆ. ಇದಕ್ಕೆ ಎಲೆ ಉದುರಿಸಿ ಮಲಗುವಷ್ಟು ಚಳಿಗಾಲ ಬೇಕು, ನಮ್ಮ ಮಲೆನಾಡಿನ ಚಳಿ ಸಾಲದು. ಆದರೆ ಅಪ್ಪನಿಗೆ ಈ ಗಿಡ ಚೆನ್ನಾಗಿ ಅರ್ಥವಾಗುತ್ತದೆ. ಕಾಫಿಯ ಹಾಗೆ ಇದರ ಎಲೆಯೂ ಎದುರುಬದುರು ಜೋಡಿ. ಕಾಫಿಯ ಕಾಂಡಕೊರಕದ ಕುಟುಂಬಕ್ಕೇ ಸೇರಿದ ಉದ್ದಮೀಸೆಯ ದುಂಬಿ ಇಲ್ಲಿ ಮೊಮಿಜಿಯ ಕಾಂಡ ಕೊರೆಯುತ್ತದೆ. ಬುಡದಲ್ಲಿ ಮರದ ಹುಡಿ ಬಿದ್ದಿದೆಯಾ ನೋಡು ಅಂತ ಪ್ರತಿ ಫೋನಿನಲ್ಲೂ ಎಚ್ಚರಿಸುತ್ತಾರೆ.

ಚಳಿಗಾಲದ ಕೊನೆಗೆ ಕೊಯ್ದರೆ ರಸ ತೊಟ್ಟಿಕ್ಕುತ್ತದೆ ಅಂತ ಎಲೆ ಬಲಿಯುವವರೆಗೆ ಕಾದೆ. ಜೂನ್ ಎರಡನೇ ವಾರ, ಮಳೆ ಹಿಡಿದ ದಿನ, ಒಂದು ಅಂಗುಲ ಅಗಲದ ತೊಗಟೆ ಬಿಡಿಸಿ, ನೆನೆಸಿದ ಪಾಚಿ ಸುತ್ತಿ, ಪ್ಲಾಸ್ಟಿಕ್ ಕಟ್ಟಿದೆ. ಸಂಜೆ ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿದೆ.

‘ಒಳಗಿನ ಹಸಿರು ಪೊರೆ ಪೂರ್ತಿ ಕೆರೆದ್ಯೇನೋ ಮಗ? ಒಂದು ಎಳೆ ಉಳಿದ್ರೂ ತೊಗಟೆ ಮತ್ತೆ ಕೂಡ್ಕೊಳ್ಳುತ್ತೆ.’

‘ಬಿಳಿ ಕಟ್ಟಿಗೆ ಕಾಣೋವರೆಗೂ ಕೆರೆದಿದೀನಮ್ಮ.’

‘ಹಿಂಭಾಗ?’

ಹಿಂಭಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದ್ದೆ, ಕಣ್ಣಲ್ಲಿ ನೋಡಿರಲಿಲ್ಲ. ಫೋನು ಗೋಡೆಗೆ ಒರಗಿಸಿಟ್ಟು, ಅಮ್ಮ ನೋಡುತ್ತಿದ್ದಂತೆ ದಾರ ಬಿಚ್ಚಿದೆ.